ತೆಗೆದಿಡುವ ಫೈಬರ್ ಟಾಪ್ ಇರುವ ಹಳೆಯ ಜೀಪು: ಎರಡು ಸಲ ಬೀಡಿಂಗ್ ಬದಲಿಸಿದರೂ ನೀರು ನಿಲ್ಲುತ್ತಿಲ್ಲ

ಗಾಳಿಬೀಡು ಜೀಪು | ಜೂನ್ 14

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 1994ರ ಮಹೀಂದ್ರ ಎಂಎಂ 540. ತಂದೆಯವರು ಕ್ಯಾನ್ವಾಸ್ ಹುಡ್‌ನೊಂದಿಗೆ ಕೊಂಡಿದ್ದ ಈ ಗಾಡಿಗೆ ಹತ್ತು ಹನ್ನೆರಡು ವರ್ಷಗಳ ಹಿಂದೆ ಎರಡು ತುಂಡಿನ ಫೈಬರ್ ಟಾಪ್ ಮಾಡಿಸಿದೆವು. ಹಿಂದಿನ ತುಂಡು ಪೆಟ್ಟಿಗೆಯ ಹಾಗೆ ಗಾಡಿಯ ಮೈಗೆ ಬೋಲ್ಟ್ ಆಗಿ ಕುಳಿತಿದೆ. ಚಾಲಕನ ತಲೆಯ ಮೇಲಿನ ಮುಂದಿನ ತುಂಡನ್ನು ಮಾತ್ರ ಬಿಚ್ಚಿ ತೆಗೆಯಬಹುದು. ಕಾಫಿ ಕುಯ್ಲು ಶುರುವಾಗುವಾಗ ಅದನ್ನು ತೆಗೆದು ಗೋದಾಮಿನಲ್ಲಿಟ್ಟು, ಮೇ ಕೊನೆಯಲ್ಲಿ ಮತ್ತೆ ಕೂರಿಸುವುದು ನಮ್ಮ ಮನೆಯ ರೂಢಿ.

ತೊಂದರೆ ಏನೆಂದರೆ, ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ನನ್ನ ಎಡ ಮೊಣಕಾಲಿನ ಮೇಲೆ ಒಂದು ಲೋಟದಷ್ಟು ತಣ್ಣೀರು ಸುರಿಯುತ್ತದೆ. ಆದರೆ ರಾತ್ರಿಯಿಡೀ ಮಳೆ ಹೊಡೆದರೂ ಮನೆಯ ಮುಂದೆ ನಿಲ್ಲಿಸಿದ ಗಾಡಿಯೊಳಗೆ ಒಂದು ಹನಿಯೂ ಇಳಿದಿರುವುದಿಲ್ಲ. ಟಾಪಿನ ಅಂಚಿಗೆ ಕೂರುವ ರಬ್ಬರ್ ಪಟ್ಟಿಯನ್ನು, ಅಂದರೆ ಬೀಡಿಂಗನ್ನು, ಎರಡು ಸಲ ಬದಲಿಸಿದ್ದೇನೆ. ಕಳೆದ ವರ್ಷ ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಒಂದು ಟ್ಯೂಬ್ ಪೂರ್ತಿ ಹಚ್ಚಿದೆ. ಅದು ಒಂದು ತಿಂಗಳು ತಡೆಯಿತು, ಮತ್ತೆ ಮೊದಲಿನ ಕಥೆಯೇ. ಈ ಸಲ ಸಂದಿಗಳಿಗೆಲ್ಲ ಸಿಲಿಕಾನ್ ತುಂಬಿ ಮುಂದಿನ ತುಂಡನ್ನು ಶಾಶ್ವತವಾಗಿ ಮುಚ್ಚಿಬಿಡೋಣ ಎಂದುಕೊಂಡಿದ್ದೇನೆ. ಹಾಗೆ ಮಾಡುವ ಮೊದಲು ತಿಳಿದವರನ್ನು ಒಮ್ಮೆ ಕೇಳೋಣವೆಂದು ಬರೆಯುತ್ತಿದ್ದೇನೆ.

ಅಮ್ಮತ್ತಿ ತೋಟ | ಜೂನ್ 14

ನಮ್ಮ ಗಾಡಿಯಲ್ಲಿಯೂ ಇದೇ ಆಗಿತ್ತು. ಬೀಡಿಂಗ್ ಒಣಗಿ ಗಟ್ಟಿಯಾಗಿದ್ದರೆ ಸ್ವಲ್ಪ ಗ್ರೀಸ್ ಸವರಿ ನೋಡಿ, ಎರಡೇ ದಿನದಲ್ಲಿ ಮೆತ್ತಗಾಗಿ ಊದಿಕೊಂಡು ಸಂದಿಯನ್ನು ತುಂಬುತ್ತದೆ. ನಾನು ಪ್ರತಿ ಮಳೆಗಾಲಕ್ಕೂ ಹೀಗೆಯೇ ಮಾಡುತ್ತೇನೆ.

ಕುಶಾಲನಗರ ಟಿಂಕರ್ | ಜೂನ್ 15

ಅಮ್ಮತ್ತಿಯವರು ಬೇಸರಿಸಬಾರದು. ಊದಿಕೊಳ್ಳುವುದನ್ನು ತಾವು ಗುಣವೆಂದು ಬರೆದಿದ್ದೀರಿ, ಅದು ರಬ್ಬರ್ ಕೆಡುತ್ತಿರುವುದರ ಲಕ್ಷಣ. ಈಗ ಬಾಗಿಲಿಗೂ ಟಾಪಿಗೂ ಬರುವ ಬೀಡಿಂಗ್ ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರಿನದು. ಬಿಸಿಲು, ಓಝೋನ್, ನೀರು ಇವೆಲ್ಲವನ್ನೂ ಅದು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ. ಪೆಟ್ರೋಲಿಯಂ ಎಣ್ಣೆಯ ಮುಂದೆ ಮಾತ್ರ ಸೋಲುತ್ತದೆ. ಡೀಸೆಲ್, ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್, ವ್ಯಾಸಲಿನ್, ಇವುಗಳಲ್ಲಿ ಯಾವುದು ತಾಗಿದರೂ ಅದು ಊದಿಕೊಂಡು, ಸತ್ವ ಕಳೆದುಕೊಂಡು, ಕೊನೆಗೆ ಉಗುರಿನಲ್ಲಿ ಕೆರೆದರೆ ಏಳುವಂತಾಗುತ್ತದೆ. ಹಳೆಯ ಕಾಲದ ಸಹಜ ರಬ್ಬರಿನ ಪಟ್ಟಿಗೂ ಅದೇ ಗತಿ. ಹಚ್ಚಲೇಬೇಕೆಂದರೆ ಸಿಲಿಕಾನ್ ಗ್ರೀಸ್ ಹಚ್ಚಿ. ಬಟ್ಟೆಯ ಮೇಲೆ ಕಡಲೆಕಾಳಿನಷ್ಟು ತೆಗೆದುಕೊಂಡು ಸವರಿದರೆ ಒಂದು ಬಾಗಿಲಿಗೆ ಸಾಕು.

ಗಾಳಿಬೀಡಿನವರಿಗೆ ನನ್ನ ಮೊದಲ ಪ್ರಶ್ನೆ: ರಾತ್ರಿ ಗಾಡಿ ನಿಲ್ಲಿಸುವಾಗ ಮೂತಿ ಏರಿನ ಕಡೆಗಿರುತ್ತದೆಯೋ ಇಳಿಜಾರಿನ ಕಡೆಗೋ?

ಗಾಳಿಬೀಡು ಜೀಪು | ಜೂನ್ 15

ಏರಿನ ಕಡೆಗೆ. ನಮ್ಮ ಅಂಗಳವೇ ಹಾಗಿದೆ. ಇದಕ್ಕೂ ನೀರಿಗೂ ಏನು ಸಂಬಂಧವೆಂದು ತಿಳಿಯಲಿಲ್ಲ.

ಕುಶಾಲನಗರ ಟಿಂಕರ್ | ಜೂನ್ 15

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಬೀಡಿಂಗ್ ಇರುವುದು ನೀರನ್ನು ತಡೆದು ನಿಲ್ಲಿಸುವುದಕ್ಕೆ ಎಂದು ಎಲ್ಲರೂ ಭಾವಿಸುತ್ತಾರೆ. ತೆಗೆದು ಹಾಕುವ ಟಾಪಿನಲ್ಲಿ ಒಂದಿಷ್ಟು ನೀರು ಬೀಡಿಂಗ್ ದಾಟಿ ಒಳಗೆ ಬಂದೇ ಬರುತ್ತದೆ ಎಂದು ಮೊದಲೇ ಎಣಿಸಿ, ಅದರ ಕೆಳಗೆ ನೀರು ಹರಿಯುವ ಸಣ್ಣ ಕಾಲುವೆಯಂಥ ಗಟರ್ ಇಟ್ಟು, ಗಟರಿನ ಮೂಲೆಗಳಿಂದ ನೀರು ಹೊರಗೆ ಹೋಗುವಂತೆ ತೂತು ಬಿಟ್ಟಿರುತ್ತಾರೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಇಂಚು ಮಳೆ ಬಿದ್ದರೆ 25 ಲೀಟರಿಗೂ ತುಸು ಹೆಚ್ಚು ನೀರಾಗುತ್ತದೆ. ನಿಮ್ಮ ಕಡೆ ಒಂದು ರಾತ್ರಿಗೆ 4 ಇಂಚು ಬೀಳುವುದು ಹೊಸ ಸುದ್ದಿಯೇನಲ್ಲ. ಅಂದರೆ ಮುಂದಿನ ತುಂಡು ಒಂದು ಚದರ ಮೀಟರಿನಷ್ಟಿದ್ದರೂ ಅದೊಂದರ ಮೇಲೆಯೇ 100 ಲೀಟರಿನಷ್ಟು ನೀರು. ಅದಕ್ಕೆ ದಾರಿ ಬಿಡದೆ ಬೆರಳು ದಪ್ಪದ ರಬ್ಬರಿನಿಂದ ತಡೆಯುತ್ತೇವೆ ಎಂದರೆ ಆಗುವ ಮಾತಲ್ಲ.

ಮೂತಿ ಮೇಲಾಗಿ ನಿಂತಾಗ ಗಟರಿನ ನೀರು ಹಿಂದಕ್ಕೆ ಹರಿದು ಹಿಂದಿನ ತೂತುಗಳಿಂದ ಇಳಿದು ಹೋಗುತ್ತಿದೆ, ನಿಧಾನವಾಗಿಯಾದರೂ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ನಿಂತ ನೀರೆಲ್ಲ ಮುಂದಕ್ಕೆ ನುಗ್ಗುತ್ತದೆ. ಮುಂದಿನ ತೂತುಗಳು ಕಟ್ಟಿಕೊಂಡಿದ್ದರೆ ಅದು ಗಾಜಿನ ಚೌಕಟ್ಟಿನ ಮೇಲಿನ ಅಂಚನ್ನು ದಾಟಿ ಒಳಗೆ ಬೀಳಲೇಬೇಕು. ಟಾಪ್ ತೆಗೆದು ಗಟರ್ ನೋಡಿ. ಸಿಲಿಕಾನ್ ಟ್ಯೂಬನ್ನು ಸದ್ಯ ಬದಿಗಿಡಿ.

ಮೂರ್ನಾಡು ಝಡ್ | ಜೂನ್ 16

ಟಿಂಕರ್ ಅವರ ಮಾತಿಗೆ ನನ್ನದೊಂದು ಸಾಕ್ಷಿ. ಕೆಲಸದ ಮೇಲೆ ಅಮೆರಿಕದಲ್ಲಿದ್ದಾಗ ನಾನು 1984ರ ನಿಸ್ಸಾನ್ 300 ಝಡ್‌ಎಕ್ಸ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಅದಕ್ಕೆ ನಡುವೆ ಮುಂದಿನಿಂದ ಹಿಂದಕ್ಕೆ ಒಂದು ಪಟ್ಟಿ ಬಿಟ್ಟು ಎಡಬಲಕ್ಕೆ ಎರಡು ಗಾಜಿನ ಪ್ಯಾನಲ್‌ಗಳಿದ್ದವು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕಾಣುವುದರಿಂದ ಅದನ್ನು ಟಿ-ಟಾಪ್ ಎನ್ನುತ್ತಾರೆ. 1968ರ ಮಾಡೆಲ್‌ನ ಷೆವರ್ಲೆ ಕಾರ್ವೆಟ್‌ನಿಂದ ಇದು ಪ್ರಸಿದ್ಧಿಗೆ ಬಂತು. ಆ ಗಾಡಿಗಳ ಮಾಲೀಕರು ಸೇರಿದಲ್ಲೆಲ್ಲ ಎಂಜಿನ್ನಿಗಿಂತ ಹೆಚ್ಚು ಚರ್ಚೆಯಾಗುತ್ತಿದ್ದುದು ಸೋರುವ ಟಾಪಿನ ಬಗ್ಗೆ.

ನಾನೂ ಮೊದಲು ದುಬಾರಿ ಬೀಡಿಂಗ್ ಸೆಟ್ ತರಿಸಿ ಹಾಕಿದೆ. ಸೋರುವುದು ನಿಲ್ಲಲಿಲ್ಲ. ಪ್ಯಾನಲ್ ಕೂರುವ ಕೊಂಡಿಗಳು ಸವೆದು ಗಾಜು ಒಂದು ಮೂಲೆಯಲ್ಲಿ ಪೂರ್ತಿ ಒತ್ತಿಕೊಳ್ಳುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅದನ್ನು ತಿಳಿಯುವ ಉಪಾಯ ಬಹಳ ಸುಲಭ. ಬೀಡಿಂಗ್ ಮೇಲೆ ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿಯನ್ನಿಟ್ಟು ಪ್ಯಾನಲ್ ಮುಚ್ಚಿ ಕೊಂಡಿ ಹಾಕಿ, ಹಾಳೆಯನ್ನು ಮೆಲ್ಲನೆ ಎಳೆಯಿರಿ. ಬಿಗಿಯಾಗಿ ಬಂದರೆ ಆ ಜಾಗ ಸರಿಯಿದೆ. ಜಾರಿ ಬಂದರೆ ಅಲ್ಲಿ ರಬ್ಬರ್ ತಾಗುತ್ತಿಲ್ಲ. ಸುತ್ತಲೂ ಗೇಣಿಗೊಂದರಂತೆ ಪರೀಕ್ಷಿಸಿ, ಜಾರಿದ ಕಡೆ ಚಾಕ್‌ಪೀಸಿನಿಂದ ಗುರುತು ಹಾಕುತ್ತ ಬಂದರೆ ಕಾಲು ಗಂಟೆಯಲ್ಲಿ ಪೂರ್ತಿ ಚಿತ್ರ ಸಿಗುತ್ತದೆ.

ಗಾಳಿಬೀಡು ಜೀಪು | ಜೂನ್ 18

ನಿನ್ನೆ ಮಳೆ ಎರಡು ಗಂಟೆ ಬಿಡುವು ಕೊಟ್ಟಾಗ ಗೋದಾಮಿನೊಳಗೆ ಗಾಡಿ ನಿಲ್ಲಿಸಿ ಮುಂದಿನ ತುಂಡನ್ನು ತೆಗೆದೆವು. ನಾನೇ ಹಚ್ಚಿದ್ದ ಸಿಲಿಕಾನನ್ನು ಕಿತ್ತು ತೆಗೆಯುವುದಕ್ಕೇ ಒಂದು ಗಂಟೆ ಹಿಡಿಯಿತು.

ಗಟರ್ ಎಂಬುದು ಗಟರ್ ಆಗಿ ಉಳಿದಿರಲಿಲ್ಲ. ಗಾಡಿ ನಿಲ್ಲುವ ಜಾಗದ ಮೇಲೆ ಎರಡು ದೊಡ್ಡ ಸಿಲ್ವರ್ ಓಕ್ ಮರಗಳಿವೆ. ಬೇಸಿಗೆಯಲ್ಲಿ ಉದುರಿದ ಎಲೆಗಳು ಗರಿಗರಿಯಾಗಿ ಮುರಿದು ಗಟರಿನೊಳಗೆ ಸೇರಿ, ಮೊದಲ ಮಳೆಗೆ ನೆನೆದು, ಕಪ್ಪು ಗೊಬ್ಬರವಾಗಿ ಕುಳಿತಿದ್ದವು. ಎಡಬದಿಯ ಮುಂದಿನ ಮೂಲೆಯಲ್ಲಿ ಒಂದು ಸಣ್ಣ ಗಿಡವೇ ಹುಟ್ಟಿ ಎರಡೆಲೆ ಬಿಟ್ಟಿತ್ತು. ಬಲಬದಿಯ ತೂತಿಗೆ ಕಣಜ ಮಣ್ಣಿನ ಗೂಡು ಕಟ್ಟಿ ಬಿರಡೆ ಹಾಕಿದ ಹಾಗೆ ಮುಚ್ಚಿತ್ತು. ಹಿಂದಿನ ಎರಡು ತೂತುಗಳಲ್ಲಿ ನೀರು ಹನಿಹನಿಯಾಗಿ ಇಳಿಯುವಷ್ಟು ಮಾತ್ರ ದಾರಿ ಉಳಿದಿತ್ತು. ಟಿಂಕರ್ ಅವರು ಗಾಡಿಯನ್ನೇ ನೋಡದೆ ಹೇಳಿದ್ದು ಅಕ್ಷರಶಃ ನಿಜವಾಯಿತು.

ಹಾಳೆಯ ಪರೀಕ್ಷೆಯನ್ನೂ ಮಾಡಿದೆ. ಎರಡು ಮೂಲೆಗಳಲ್ಲಿ ಹಾಳೆ ಹರಿಯುವಷ್ಟು ಬಿಗಿ, ಮುಂದಿನ ಅಂಚಿನ ನಡುವಿನ ಒಂದೂವರೆ ಅಡಿಯಲ್ಲಿ ಹಾಳೆ ತಾನಾಗಿಯೇ ಜಾರಿ ಕೆಳಗೆ ಬಿತ್ತು. ಅದು ಸರಿಯಾಗಿ ನನ್ನ ಎಡ ಮೊಣಕಾಲಿನ ಮೇಲೆ ಬರುವ ಜಾಗ.

ತೂತುಗಳನ್ನು ಬಿಡಿಸುವುದು ಹೇಗೆ? ಕೆಳಗಿನ ಪೈಪುಗಳು ಬಾಗಿಲ ಕಂಬದ ಒಳಗೆ ಹೋಗಿವೆ. ಮನೆಯಲ್ಲಿ ಕಂಪ್ರೆಸರ್ ಇದೆ.

ಕುಶಾಲನಗರ ಟಿಂಕರ್ | ಜೂನ್ 18

ಕಂಪ್ರೆಸರ್ ಬೇಡ. ಹಳೆಯ ಪೈಪಿನ ಕೀಲು ಒಳಗೇ ಕಳಚಿಕೊಂಡರೆ ನೀರು ಕಂಬದೊಳಗೆ ಸುರಿದು ಕೆಳಗಿನ ತಗಡು ಕೊಳೆಯುತ್ತದೆ, ಹೊರಗಿನಿಂದ ನಿಮಗೆ ಗೊತ್ತೂ ಆಗುವುದಿಲ್ಲ. ತಂತಿ ಹಾಕಿದರೆ ಪೈಪು ತೂತಾಗುತ್ತದೆ. ಕಾಡು ಕೊಚ್ಚುವ ಯಂತ್ರಕ್ಕೆ ಹಾಕುವ ನೈಲಾನ್ ದಾರ ಎಲ್ಲರ ತೋಟದಲ್ಲಿಯೂ ಇರುತ್ತದಲ್ಲ, ಅದರ ಒಂದು ಮಾರು ಕತ್ತರಿಸಿ, ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ಮೇಲಿನಿಂದ ತಿರುಗಿಸುತ್ತ ಇಳಿಸಿ. ಮಣ್ಣು ಗಟ್ಟಿಯಿದ್ದರೆ ಬಿಸಿನೀರು ಹನಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಒಂದು ಚೊಂಬು ನೀರನ್ನು ಗಟರಿಗೆ ಹೊಯ್ದು, ಅದು ಗಾಡಿಯ ಕೆಳಗೆ ಎಲ್ಲಿ ಬೀಳುತ್ತದೆಂದು ನೋಡಿ. ನಾಲ್ಕು ಮೂಲೆಗೆ ನಾಲ್ಕು ಕಡೆ ನೀರು ಬೀಳಬೇಕು.

ನಡುವೆ ಸಂದಿ ಬಿಟ್ಟಿರುವುದು ಬೇರೆ ವಿಷಯ, ಅದಕ್ಕೆ ಬೀಡಿಂಗ್ ಕಾರಣವಲ್ಲ. ಟಾಪನ್ನು ಗೋದಾಮಿನಲ್ಲಿ ಹೇಗೆ ಇಟ್ಟಿದ್ದಿರಿ?

ಗಾಳಿಬೀಡು ಜೀಪು | ಜೂನ್ 18

ಗೋಡೆಗೆ ಒರಗಿಸಿ ಇಟ್ಟಿದ್ದೆವು. ಈಗ ನೆನಪಾಗುತ್ತಿದೆ, ಎರಡು ವರ್ಷಗಳ ಹಿಂದೆ ಆಳುಗಳು ಅದರ ಮುಂದೆಯೇ ಕಾಫಿ ಮೂಟೆಗಳನ್ನು ಅಟ್ಟಿ ಹಾಕಿದ್ದರು. ತೆಗೆಯುವಾಗ ಎರಡು ಮೂಟೆ ಅದರ ಮೇಲೆಯೇ ಒರಗಿದ್ದವು. ಗೋದಾಮಿನ ಶೀಟಿನ ಕೆಳಗೆ ಏಪ್ರಿಲ್‌ನ ಸೆಕೆ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ.

ಮಾಜಿ ಸೈನಿಕ, ಪೊನ್ನಂಪೇಟೆ | ಜೂನ್ 19

ಹಾಗಿದ್ದರೆ ಟಾಪ್ ಬಾಗಿದೆ. ಸೇನೆಯಲ್ಲಿ ವಾಹನ, ಯಂತ್ರಗಳ ದುರಸ್ತಿ ನೋಡುವ ಇಎಂಇ ವಿಭಾಗದಲ್ಲಿ ಜೀಪುಗಳ ಜೊತೆ ಹಲವು ವರ್ಷ ಕಳೆದವನು ನಾನು. ಫೈಬರ್ ಎಂದರೆ ಗಾಜಿನ ನಾರಿಗೆ ಪಾಲಿಯೆಸ್ಟರ್ ರೆಸಿನ್ ಕುಡಿಸಿ ಗಟ್ಟಿ ಮಾಡಿದ್ದು. ಮುಟ್ಟಿದರೆ ಕಲ್ಲಿನಂತೆ ಕಂಡರೂ, ಸೆಕೆಯಲ್ಲಿ ತಿಂಗಳುಗಟ್ಟಲೆ ಒಂದೇ ಕಡೆ ಭಾರ ಬಿದ್ದರೆ ಅದು ಮೆಲ್ಲನೆ ಬಾಗಿ, ಬಾಗಿದ ಆಕಾರದಲ್ಲಿಯೇ ಉಳಿದುಬಿಡುತ್ತದೆ. ಎರಡು ಮೂಲೆಗಳನ್ನು ಬೋಲ್ಟ್ ಹಾಕಿ ಬಿಗಿದಷ್ಟೂ ನಡು ಮೇಲಕ್ಕೆ ಏಳುತ್ತದೆ. ಮೂಲೆಗಳಲ್ಲಿ ಹಾಳೆ ಹರಿಯುವಷ್ಟು ಬಿಗಿ ಬಂದಿರುವುದು ಇದರಿಂದಲೇ.

ಟಾಪನ್ನು ಮಗುಚಿ ಹಾಕಿ, ಮುಂದಿನ ಅಂಚಿನ ಎರಡು ತುದಿಗೆ ನೂಲು ಬಿಗಿದು, ನಡುವಿನಲ್ಲಿ ನೂಲಿಗೂ ಅಂಚಿಗೂ ಎಷ್ಟು ಅಂತರವಿದೆ ಎಂದು ಅಳೆಯಿರಿ. ಅಂಚು ಮೊದಲಿನಿಂದಲೇ ಕಮಾನಿನಂತೆ ಇದ್ದರೆ ಗಾಜಿನ ಚೌಕಟ್ಟಿನ ಮೇಲೂ ಅದೇ ರೀತಿ ಅಳೆದು ಎರಡರ ವ್ಯತ್ಯಾಸ ತೆಗೆಯಿರಿ.

ಬೋಲ್ಟ್‌ಗಳ ಕೆಳಗೆ ಅಗಲವಾದ ವಾಷರ್, ಅದರ ಕೆಳಗೆ ರಬ್ಬರ್ ವಾಷರ್ ಇರಲೇಬೇಕು. ಒಂದೊಂದನ್ನೇ ಪೂರ್ತಿ ಬಿಗಿಯದೆ, ಎದುರುಬದುರಿನ ಮೂಲೆಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ. ಸ್ಪಾನರ್ ಮೇಲೆ ಪೈಪು ಹಾಕಿ ತಿರುಗಿಸುವ ಶೌರ್ಯ ಇಲ್ಲಿ ಬೇಡ. ಫೈಬರಿನ ತೂತಿನ ಸುತ್ತ ಜೇಡರ ಬಲೆಯಂತೆ ಬಿರುಕು ಕಂಡರೆ ಯಾರೋ ಹಾಗೆ ಮಾಡಿದ್ದಾರೆ ಎಂದೇ ಅರ್ಥ.

ಗಾಳಿಬೀಡು ಜೀಪು | ಜೂನ್ 20

ವ್ಯತ್ಯಾಸ 9 ಮಿಲಿಮೀಟರ್ ಇದೆ. ನಾನು ಹಾಕಿರುವ ಡಿ ಆಕಾರದ ಬೀಡಿಂಗಿನ ಎತ್ತರವೇ 12 ಮಿಲಿಮೀಟರ್. ಸುಬೇದಾರರೇ, ಬೋಲ್ಟಿನ ಸುತ್ತ ತಾವು ಹೇಳಿದ ಬಿರುಕೂ ಇದೆ. ಆ ಶೌರ್ಯ ತೋರಿಸಿದವನು ನಾನೇ.

ಕುಶಾಲನಗರ ಟಿಂಕರ್ | ಜೂನ್ 20

ಒಳಗೆ ಟೊಳ್ಳಿರುವ ಡಿ ಬೀಡಿಂಗ್ ತನ್ನ ಎತ್ತರದ ಸುಮಾರು ಮೂರನೆಯ ಒಂದು ಭಾಗದಷ್ಟು ಅಮುಕಿಕೊಂಡಾಗ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಟಾಪಿನ ಮೂಲೆಯಲ್ಲಿ ಅದು ಚಪ್ಪಟೆಯಾಗಿ ಜಜ್ಜಿಹೋಗಿರುತ್ತದೆ, ನಡುವೆ ಗಾಳಿಯಲ್ಲಿ ನಿಂತಿರುತ್ತದೆ. ಇನ್ನೂ ದಪ್ಪದ ಬೀಡಿಂಗ್ ತಂದರೆ ಮೂಲೆ ಇನ್ನಷ್ಟು ಎತ್ತಿಕೊಳ್ಳುತ್ತದೆಯೇ ಹೊರತು ನಡು ಮುಚ್ಚುವುದಿಲ್ಲ.

ಟಾಪನ್ನು ನೆಟ್ಟಗೆ ಮಾಡಬಹುದು. ಹಲಗೆಯ ಮೇಲಿಟ್ಟು, ಉಬ್ಬಿದ ಕಡೆಗೆ ಬಿಸಿಲಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಭಾರ ಕೊಟ್ಟು, ಆಮೇಲೆ ಮಗುಚಿ ಹಾಕಿ ಒಳಬದಿಯಲ್ಲಿ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕವುಚಿ, ಅದರ ಮೇಲೆ ಎರಡು ಮೂರು ಪದರ ಫೈಬರ್ ಮ್ಯಾಟ್ ಹಾಕಿ ಪಕ್ಕೆಲುಬಿನಂತೆ ಕಟ್ಟಿದರೆ ಮತ್ತೆ ಬಾಗುವುದಿಲ್ಲ. ಆದರೆ ಅದು ಜನವರಿಯ ಕೆಲಸ. ಈಗಿನ ಚಳಿ ಮತ್ತು ತೇವದಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಇನ್ನೊಂದು ಮಾತು, ಮನೆಯಲ್ಲಿಯೇ ಮಾಡುವವರು ರೆಸಿನ್ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಆಕ್ಸಿಲರೇಟರನ್ನೂ ಹಾರ್ಡ್‌ನರನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಅದು ಸಿಡಿಯುತ್ತದೆ. ಮೊದಲು ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲಷ್ಟೇ ಇನ್ನೊಂದನ್ನು ಹಾಕಬೇಕು. ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ, ಕನ್ನಡಕವಿಲ್ಲದೆ ಕೈ ಹಾಕಬೇಡಿ.

ಈ ಮಳೆಗಾಲಕ್ಕೆ ತಾತ್ಕಾಲಿಕ ಉಪಾಯ: ನಡುವಿನ ಒಂದೂವರೆ ಅಡಿಯಲ್ಲಿ ಬೀಡಿಂಗಿನ ಕೆಳಗೆ ರಬ್ಬರ್ ಶೀಟಿನ ಪಟ್ಟಿ ಅಂಟಿಸಿ ಎತ್ತರಿಸಿ. ಪಟ್ಟಿಯ ಎರಡೂ ತುದಿಗಳನ್ನು ಬ್ಲೇಡಿನಲ್ಲಿ ಓರೆಯಾಗಿ ಇಳಿಸಿ, ಮೆಟ್ಟಿಲಿನಂತೆ ಬಿಟ್ಟರೆ ಆ ಮೆಟ್ಟಿಲಿನಲ್ಲೇ ನೀರು ನುಗ್ಗುತ್ತದೆ. ಹೊಸ ಬೀಡಿಂಗನ್ನು ಎಳೆದು ಅಂಟಿಸಬೇಡಿ. ಎಳೆದ ರಬ್ಬರ್ ದಿನ ಕಳೆದಂತೆ ತನ್ನ ಉದ್ದಕ್ಕೆ ಹಿಂತಿರುಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಒಂದೆರಡು ಸೆಂಟಿಮೀಟರ್ ಹೆಚ್ಚೇ ಕತ್ತರಿಸಿ, ಒಳಕ್ಕೆ ಒತ್ತಿ ಕೂರಿಸಿ. ಎರಡು ತುದಿ ಕೂಡುವ ಜಾಗ ಮುಂದೆ ಬರದೆ ಹಿಂದಿನ ಅಂಚಿನಲ್ಲಿರಲಿ. ಫೆವಿಕ್ವಿಕ್‌ನಂಥ ಅಂಟು ಗಾಜಿನಂತೆ ಗಟ್ಟಿಯಾಗಿ ಗಾಡಿಯ ಅದುರಿಗೆ ಬಿಟ್ಟುಹೋಗುತ್ತದೆ. ಎರಡೂ ಕಡೆ ಹಚ್ಚಿ ಒಣಗಲು ಬಿಟ್ಟು ಒತ್ತುವ ರಬ್ಬರ್ ಅಂಟೇ ಇದಕ್ಕೆ ಸರಿ.

ನಾಪೋಕ್ಲು ಓದುಗಿ | ಜೂನ್ 21

ಇಷ್ಟು ದಿನ ಓದುತ್ತಲಷ್ಟೇ ಇದ್ದೆ. ಸಿಲಿಕಾನ್ ಬಗ್ಗೆ ಒಂದು ಸಂಶಯ. ನಮ್ಮ ಮಾರುತಿ ಜಿಪ್ಸಿಯ ಟಾಪ್ ಗಾಡಿಯ ಮೈಗೆ ಕೂಡುವ ಕಡೆ ಹಿಂದಿನ ಮಾಲೀಕರು ಬಿಳಿ ಸಿಲಿಕಾನ್ ಹಚ್ಚಿದ್ದರು. ಅದನ್ನು ಕಿತ್ತಾಗ ಕೆಳಗಿನ ತಗಡು ಪೂರ್ತಿ ತುಕ್ಕು ಹಿಡಿದಿತ್ತು. ನೀರೇ ತಾಗದ ಜಾಗದಲ್ಲಿ ತುಕ್ಕು ಹೇಗೆ ಬಂತು?

ಮಾಜಿ ಸೈನಿಕ, ಪೊನ್ನಂಪೇಟೆ | ಜೂನ್ 21

ಅಕ್ಕ, ಹಚ್ಚುವಾಗ ಹುಳಿ ವಿನೆಗರ್ ವಾಸನೆ ಬರುವ ಸಿಲಿಕಾನ್ ಒಣಗುತ್ತ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಬಚ್ಚಲುಮನೆಯ ಟೈಲ್ಸಿಗೆ ಅದು ಸರಿ. ಬಣ್ಣ ಹೋದ ಬರಿಯ ತಗಡಿಗೆ ತುಕ್ಕಿನ ಬೀಜ ಬಿತ್ತಿದ ಹಾಗೆ. ಮೇಲಾಗಿ ಒಂದು ಕಡೆ ಬಿಟ್ಟುಕೊಂಡರೆ ಅದರ ಅಡಿಯಲ್ಲಿ ಸೇರಿದ ನೀರು ಹೊರಗೆ ಬರಲು ದಾರಿಯೇ ಇರುವುದಿಲ್ಲ. ಖಾಯಂ ಆಗಿ ಕೂರುವ ಹಿಂದಿನ ತುಂಡಿಗೆ ಬ್ಯೂಟೈಲ್ ಟೇಪ್ ಹಾಕಿ. ಅದು ಗಟ್ಟಿಯಾಗದೆ ಮೇಣದಂತೆಯೇ ಉಳಿದು, ತಗಡು ಮತ್ತು ಫೈಬರ್ ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿದರೂ ಬಿಟ್ಟುಕೊಳ್ಳುವುದಿಲ್ಲ. ಹಳೆಯ ಸಿಲಿಕಾನಿನ ಪದರ ಸ್ವಲ್ಪ ಉಳಿದಿದ್ದರೂ ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ, ಅಂಟೂ ನಿಲ್ಲುವುದಿಲ್ಲ. ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ತುಕ್ಕು ಉಜ್ಜಿ, ಪ್ರೈಮರ್ ಕೊಟ್ಟ ಮೇಲೆಯೇ ಮುಂದಿನ ಕೆಲಸ.

ಶನಿವಾರಸಂತೆ ಹುಡ್ | ಜೂನ್ 22

ಕ್ಯಾನ್ವಾಸ್ ಹುಡ್ ಇರುವವರಿಗೆ ಎರಡು ಮಾತು ಸೇರಿಸುತ್ತೇನೆ. ಹಸಿ ಹುಡ್ಡನ್ನು ಮಡಿಸಿ ಇಟ್ಟರೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಒಲೆಮನೆಯ ಅಟ್ಟದ ಹತ್ತಿರ ಹರವಿ ಒಣಗಿಸಿದ ಮೇಲೆಯೇ ಮಡಿಸಿ. ಪ್ಲಾಸ್ಟಿಕ್ ಕಿಟಕಿ ಚಳಿಗೆ ಬಿರುಸಾಗಿ ಮಡಿಕೆಯಲ್ಲಿ ಸೀಳುವುದರಿಂದ ಅದನ್ನು ಸುರುಳಿ ಸುತ್ತಿ. ಜಿಪ್ಪಿಗೆ ಮೇಣದ ಬತ್ತಿ ಉಜ್ಜಿದರೆ ಸಾಕು.

ಗಾಳಿಬೀಡು ಜೀಪು | ಆಗಸ್ಟ್ 9

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಕಕ್ಕಡ ತಿಂಗಳ (ಆಷಾಢದ ಹೊತ್ತಿನ) ಜಡಿಮಳೆಯಲ್ಲಿ ಪರೀಕ್ಷಿಸದೆ ಗೆದ್ದೆವೆಂದು ಬರೆಯಬಾರದು ಎಂದು ಕಾದಿದ್ದೆ.

ನೈಲಾನ್ ದಾರದಿಂದ ನಾಲ್ಕೂ ಪೈಪುಗಳು ಬಿಟ್ಟುಕೊಂಡವು. ಬೀಡಿಂಗಿನ ಕೆಳಗೆ ಪಟ್ಟಿ ಕೊಟ್ಟು, ಹೊಸ ಬೀಡಿಂಗನ್ನು ಎಳೆಯದೆ ಕೂರಿಸಿ, ಬೋಲ್ಟ್‌ಗಳಿಗೆ ರಬ್ಬರ್ ವಾಷರ್ ಹಾಕಿ ಕೈ ಬಿಗಿಯ ಮೇಲೆ ಅರ್ಧ ಸುತ್ತು ಮಾತ್ರ ತಿರುಗಿಸಿದೆ. ಈಗ ಹಾಳೆ ಸುತ್ತಲೂ ಒಂದೇ ಬಿಗಿಯಲ್ಲಿ ಬರುತ್ತದೆ. ಮೊನ್ನೆ ರಾತ್ರಿ ನಮ್ಮ ಮಳೆಮಾಪಕದಲ್ಲಿ 5 ಇಂಚು 10 ಸೆಂಟು (ಇಂಚಿಗೆ ನೂರು ಸೆಂಟು) ಇತ್ತು. ಬೆಳಿಗ್ಗೆ ಅದೇ ಇಳಿಜಾರಿನಲ್ಲಿ ಬೇಕೆಂದೇ ನಾಲ್ಕು ಸಲ ಬ್ರೇಕ್ ಒತ್ತಿ ನೋಡಿದೆ. ನೀರು ಎರಡೂ ಬದಿಯ ಕಂಬದ ಕೆಳಗಿನಿಂದ ದಾರಿಗೆ ಸುರಿಯಿತು, ಮೊಣಕಾಲು ಒಣಗಿಯೇ ಇತ್ತು. ಗಟರನ್ನು ವಾರಕ್ಕೊಮ್ಮೆ ಹಳೆಯ ಪೇಂಟ್ ಬ್ರಷ್ಷಿನಿಂದ ಗುಡಿಸುತ್ತೇನೆ. ಮುಂದಿನ ಬೇಸಿಗೆಗೆ ಟಾಪನ್ನು ಗೋದಾಮಿನ ತೊಲೆಗೆ ನಾಲ್ಕು ಕಡೆ ಅಗಲದ ಪಟ್ಟಿ ಕಟ್ಟಿ ನೇತುಹಾಕುವ ಯೋಚನೆಯಿದೆ, ಮೂಟೆಗಳು ಅಲ್ಲಿಗೆ ಏರಲಾರವು.

ಒಂದು ಹೊಸ ವಿಷಯ: ಈಗ ಎಡಬದಿಯಲ್ಲಿ ಕುಳಿತವರ ಪಾದದ ಬಳಿ ಮ್ಯಾಟ್ ತೇವವಾಗುತ್ತಿದೆ. ಮೇಲಿನಿಂದ ಇಳಿದ ಗುರುತೇನೂ ಇಲ್ಲ.

ಕುಶಾಲನಗರ ಟಿಂಕರ್ | ಆಗಸ್ಟ್ 9

ಮುಂದಿನ ಗಾಜಿನ ಚೌಕಟ್ಟು ಬಾನೆಟ್ ಕಡೆಗೆ ಮಡಚುವಂಥದ್ದಲ್ಲವೇ? ಚೌಕಟ್ಟಿನ ಅಡಿಗೂ ಬಾಡಿಗೂ ನಡುವೆ ಒಂದು ಬೀಡಿಂಗ್ ಇದೆ, ಅದನ್ನು ಯಾರೂ ನೋಡುವುದಿಲ್ಲ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕುಳಿತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರನ್ನು ಮೆಲ್ಲನೆ ಬಿಡಬೇಕು. ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಐದು ನಿಮಿಷ ಕೊಟ್ಟು ಮೇಲಕ್ಕೆ ಬನ್ನಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ವಾಟರ್ ಸರ್ವಿಸಿನ ಜೋರು ನೀರು ಬೇಡ, ಅದು ಒಳ್ಳೆಯ ಬೀಡಿಂಗನ್ನೂ ದಾಟುತ್ತದೆ.

ಗಾಳಿಬೀಡು ಜೀಪು | ಆಗಸ್ಟ್ 11

ತಾವು ಹೇಳಿದ್ದೇ ಸರಿ. ಮೂರನೆಯ ನಿಮಿಷಕ್ಕೆ ಎಡ ಹಿಂಜಿನ ಪಕ್ಕದಲ್ಲಿ ನೀರು ಕಾಣಿಸಿತು. ಬೆರಳಿಟ್ಟರೆ ರಬ್ಬರ್ ಪುಡಿಯಾಗಿ ಕೈಗೆ ಬಂತು, 1994ರದ್ದೇ ಇರಬೇಕು. ಅಳತೆ ತೆಗೆದು, ಹಳೆಯದರ ಒಂದು ಗೇಣು ತುಂಡನ್ನು ಮಾದರಿಗೆ ಕತ್ತರಿಸಿ ಇಟ್ಟಿದ್ದೇನೆ. ಮೈಸೂರಿನಲ್ಲಿ ಎರಡು ಅಂಗಡಿಗಳಲ್ಲಿ ಈ ಆಕಾರದ್ದು ಇಲ್ಲವೆಂದರು. ಈ ವಾರ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಹೋಗುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ತುಂಡನ್ನು ಮಡಿಕೇರಿ ಬಸ್ ನಿಲ್ದಾಣದಲ್ಲಿ ತಂದುಕೊಡುತ್ತೇನೆ.

ಅಮ್ಮತ್ತಿ ತೋಟ | ಆಗಸ್ಟ್ 11

ನಾನು ಗುರುವಾರ ಹೋಗುತ್ತಿದ್ದೇನೆ, ತುಂಡನ್ನು ಬುಧವಾರ ಸಂಜೆಯೊಳಗೆ ತಲುಪಿಸಿ. ನನಗೂ ಎರಡು ಬಾಗಿಲಿನ ಬೀಡಿಂಗ್ ಬೇಕಾಗಿದೆ. ಗ್ರೀಸ್ ಹಚ್ಚಿದ್ದು ಮೊನ್ನೆ ಕೈಯಲ್ಲೇ ಕಿತ್ತು ಬಂತು.